ಹೊಸತೊಡಕಿನ ದಿನದ ಉಪವಾಸ

ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಸಿಗುತ್ತಿದ್ದ ಸುಖ ಮಾಂಸ ತಿನ್ನುವುದರಲ್ಲಿ ಯಾವತ್ತೂ ಸಿಕ್ಕಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಐವತ್ತೆಂಟು ವರ್ಷ ಬೇಕಾಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಗೆರೆ ಎಳೆದವಳಿಗೆ ತನ್ನ ತಪ್ಪು ಕಾಣುವುದು ಸ್ವಲ್ಪ ತಡವೇ.

ಬೂದಿ ಬುಧವಾರ ಚರ್ಚಿನ ಗುರುಗಳು ಹಣೆಗೆ ಬೂದಿ ಹಚ್ಚಿದಲ್ಲಿಂದ ಪಾಸ್ಕ, ಅಂದರೆ ಈಸ್ಟರ್ ಹಬ್ಬದವರೆಗಿನ ನಲವತ್ತು ದಿನಗಳನ್ನು ನಾವು ತಪಸ್ಸುಕಾಲ ಎನ್ನುತ್ತೇವೆ. ಈ ದಿನಗಳಲ್ಲಿ ಚರ್ಚು ಕೇಳುವುದು ಬಹಳ ಕಡಿಮೆ. ಶುಕ್ರವಾರ ಮಾಂಸ ಬಿಡಿ, ಮೊದಲ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಇರಿ, ಉಳಿದದ್ದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಅರವತ್ತರ ಹತ್ತಿರ ಬಂದವರಿಗೆ ಉಪವಾಸದ ಕಟ್ಟಳೆಯೂ ಇಲ್ಲ. ನನಗೆ ಇಷ್ಟು ಸಾಲುತ್ತಿರಲಿಲ್ಲ. ಮಾಂಸ, ಮೊಟ್ಟೆ, ಕಾಫಿ, ಸಕ್ಕರೆ, ಬೆಳಗಿನ ತಿಂಡಿ, ಎಲ್ಲವನ್ನೂ ನಲವತ್ತು ದಿನವೂ ಬಿಡುತ್ತಿದ್ದೆ. ನಾನೊಬ್ಬಳು ಬಿಟ್ಟಿದ್ದರೆ ಸಾಕಿತ್ತು. ಅಮ್ಮನಿಂದಲೂ ಬಿಡಿಸುತ್ತಿದ್ದೆ.

ನಮ್ಮೂರು ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನ ಪಕ್ಕ. ಸುತ್ತ ಮಾವಿನ ತೋಪು, ನಡುವೆ ರಾಗಿ ಹೊಲ, ನೀರಿದ್ದವರ ಹಿಪ್ಪುನೇರಳೆ. ಊರಿನಲ್ಲಿ ಕ್ರೈಸ್ತರ ಮನೆ ಮೂರೇ. ಅದರಲ್ಲಿ ಎರಡಕ್ಕೆ ಬೀಗ ಬಿದ್ದು ಬಹಳ ವರ್ಷವಾಯಿತು. ಹಾಗಾಗಿ ಊರಿನವರ ಪಾಲಿಗೆ ಕ್ರೈಸ್ತರೆಂದರೆ ಅಂಚೆ ಕಚೇರಿಯಲ್ಲಿದ್ದ ನಮ್ಮಪ್ಪ, ಅಮ್ಮ ಮತ್ತು ಮದುವೆಯಾಗದೆ ಉಳಿದ ಟೀಚರಮ್ಮ, ಅಂದರೆ ನಾನು. ಚರ್ಚಿಗೆ ಶ್ರೀನಿವಾಸಪುರಕ್ಕೆ ಬಸ್ಸಿನಲ್ಲಿ ಹೋಗಬೇಕಿತ್ತು. ಬೂದಿ ಬುಧವಾರ ಹಣೆಯ ಬೂದಿಯನ್ನು ಒರೆಸದೆ ಸ್ಕೂಲಿಗೆ ಹೋಗುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. "ಮೇಡಂ, ನಲವತ್ತು ದಿನಾನಾ? ನಮ್ ಕೈಲಿ ಒಂದು ಶನಿವಾರ ಒಪ್ಪತ್ತು ಇರೋಕಾಗಲ್ಲ" ಎಂದು ಯಾರಾದರೂ ಅಂದರೆ ಅವತ್ತಿಗೆ ನನ್ನ ಹೊಟ್ಟೆ ತುಂಬುತ್ತಿತ್ತು.

ನಮ್ಮ ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯವರು ರೈತರು. ರೇಷ್ಮೆ ಹುಳ ಸಾಕುತ್ತಿದ್ದರು. ಆ ಮನೆಯ ಹೆಂಗಸು ಅಮ್ಮನನ್ನು "ವದಿನಾ" ಎಂದು ಕರೆಯುತ್ತಿದ್ದರು. ತೆಲುಗಿನಲ್ಲಿ ವದಿನ ಅಂದರೆ ಅತ್ತಿಗೆ. ಆ ಲೆಕ್ಕದಲ್ಲಿ ನನಗೆ ಅವರು ಅತ್ತೆ. ರಕ್ತದ ಸಂಬಂಧ ಯಾವುದೂ ಇಲ್ಲ. ನಾನು ಹುಟ್ಟುವ ಮೊದಲಿನಿಂದ ಎರಡು ಹಿತ್ತಲುಗಳ ನಡುವೆ ಒಂದು ಸಣ್ಣ ದಾರಿ ಇತ್ತು, ಅಷ್ಟೇ ಸಂಬಂಧ. ಬೆಳಗ್ಗೆ ಪಾತ್ರೆ ತೊಳೆಯುವಾಗ ಅವರು "ತಿಂಟಿವಾ ವದಿನಾ?" ಎಂದು ಕೂಗುವುದು, ಅಮ್ಮ "ಇನ್ನೂ ಇಲ್ಲ ಕಣೇ" ಎಂದು ಕನ್ನಡದಲ್ಲಿ ಉತ್ತರ ಕೊಡುವುದು, ಇದನ್ನು ಕೇಳಿಕೊಂಡೇ ನಾನು ಎದ್ದು ಬೆಳೆದೆ.

ತೊಂದರೆ ಇದ್ದದ್ದು ಯುಗಾದಿಯಲ್ಲಿ. ಯುಗಾದಿ ಹೆಚ್ಚೂಕಡಿಮೆ ಪ್ರತಿ ವರ್ಷ ನಮ್ಮ ತಪಸ್ಸುಕಾಲದ ಹೊಟ್ಟೆಯೊಳಗೇ ಬಂದು ಕೂರುತ್ತದೆ. ಯುಗಾದಿಯ ದಿನ ಪರವಾಗಿಲ್ಲ, ಅದು ಒಬ್ಬಟ್ಟಿನ ದಿನ. ಮರುದಿನದ ಹೊಸತೊಡಕು ಇದೆಯಲ್ಲ, ಅವತ್ತು ನಮ್ಮ ಸೀಮೆಯಲ್ಲಿ ಮಾಂಸ ಬೇಯಿಸದ ಒಲೆ ಸಿಗುವುದು ಕಷ್ಟ. ಬೆಳಗಾಗುವುದರೊಳಗೆ ನಾಲ್ಕೈದು ಮನೆಯವರು ಸೇರಿ ಕುರಿ ಕಡಿದು, ಬಾಳೆ ಎಲೆಯ ಮೇಲೆ ಗುಡ್ಡೆ ಪಾಲು ಮಾಡಿರುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಮಸಾಲೆ ರುಬ್ಬುವ ಸದ್ದು. ಮನೆಯೊಳಗಿನ ಹುಳಕ್ಕೆ ಹೊಗೆ ತಾಗಬಾರದೆಂದು ಅತ್ತೆ ಬಾಡಿನ ಸಾರನ್ನು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಮಾಡುತ್ತಿದ್ದರು. ಆ ವಾಸನೆ ನೇರ ನನ್ನ ಪ್ರಾರ್ಥನೆಯ ಮೂಲೆಗೆ ಬರುತ್ತಿತ್ತು.

ಅಪ್ಪ ಇದ್ದಾಗ ಇದು ತೊಂದರೆಯೇ ಆಗಿರಲಿಲ್ಲ. ಮಧ್ಯಾಹ್ನ ಅತ್ತೆ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಅಮ್ಮ ಎರಡೂ ಕೈಯಿಂದ ಇಸಿದುಕೊಳ್ಳುತ್ತಿದ್ದರು. ಶುಕ್ರವಾರ ಬಿದ್ದರೆ ಮಾತ್ರ ಅತ್ತೆಯೇ ಒಂದು ದಿನ ತಡೆದು ಬಿಸಿ ಮಾಡಿ ತರುತ್ತಿದ್ದರು. ಅಪ್ಪ ತಟ್ಟೆಯ ಮುಂದೆ ಕೂತು, "ದೇವರು ನಮ್ಮನ್ನ ಪರೀಕ್ಷೆ ಮಾಡೋಣ ಅಂತ್ಲೇ ಯುಗಾದೀನ ತಂದು ಇಲ್ಲಿಟ್ಟಿದಾನೆ" ಎಂದು ನಗುತ್ತಿದ್ದರು, ಶಿಲುಬೆ ಗುರುತು ಹಾಕಿಕೊಂಡು ತಿನ್ನುತ್ತಿದ್ದರು. ಅಮ್ಮನದು ಒಂದೇ ಮಾತು: "ಅವಳು ಬೆಳಗ್ಗಿಂದ ಹೊಗೇಲಿ ಕೂತು ಮಾಡಿದಾಳೆ. ಮುಖ ಹೆಂಗೆ ತಿರುಗಿಸ್ಲಿ?" ಮರುದಿನದಿಂದ ಇಬ್ಬರೂ ಮತ್ತೆ ಗಂಜಿಗೆ ಹೋಗುತ್ತಿದ್ದರು. ನನಗೆ ಅವರ ಈ ಸಡಿಲು ಭಕ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ದೇವರ ಹತ್ತಿರ ರಜೆ ಚೀಟಿ ಕೊಟ್ಟು ಹೋಗುವವರಂತೆ ಕಾಣುತ್ತಿದ್ದರು.

ಅಪ್ಪ ತೀರಿಕೊಂಡ ಮೇಲೆ ಅಡುಗೆಮನೆಯ ಅಧಿಕಾರ ನನ್ನ ಕೈಗೆ ಬಂತು. ಅಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ತಪಸ್ಸುಕಾಲದಲ್ಲಿ ಹೊಸತೊಡಕಿನ ಕ್ಯಾರಿಯರ್ ಬೇಡ ಎಂದು ಅತ್ತೆಗೆ ನಾನೇ ಹೋಗಿ ಹೇಳಿದೆ. ಅವರು, "ಆಯ್ತು ಅಮ್ಮಣ್ಣಿ, ನಿಮ್ಮ ಪದ್ಧತಿ ನಿಮಗೆ" ಎಂದರು. ಆದರೂ ಪ್ರತಿ ವರ್ಷ ಅವತ್ತು ಮಧ್ಯಾಹ್ನ ಬಂದು ಹೊಸ್ತಿಲಲ್ಲಿ ನಿಂತು ಒಂದು ಸಲ ಕೇಳುತ್ತಿದ್ದರು. ಅವರ ಕರ್ತವ್ಯ ಅದು. ನಾನು ಬೇಡ ಅನ್ನುತ್ತಿದ್ದೆ. ಕೆಲವು ವರ್ಷ ಪಾಸ್ಕ ಮೊದಲೇ ಮುಗಿದು ಯುಗಾದಿ ಆಮೇಲೆ ಬರುತ್ತಿತ್ತು. ಅಂಥ ವರ್ಷ ಅಮ್ಮ ಕ್ಯಾಲೆಂಡರನ್ನು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನಾನು ಅದನ್ನು ನಾಲಿಗೆ ಚಪಲ ಎಂದುಕೊಂಡಿದ್ದೆ.

ಒಂದು ಸಂಕ್ರಾಂತಿ ಕಳೆದ ವಾರ ಅತ್ತೆಯ ಗಂಡ, ನಾನು ಮಾವ ಎನ್ನುತ್ತಿದ್ದವರು, ಸೊಪ್ಪು ಕೊಯ್ಯಲು ಹೋದವರು ತೋಟದಲ್ಲೇ ಕುಸಿದು ಹೋದರು. ಸಾವಿನ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಆ ವರ್ಷ ಪೂರ್ತಿ ಅಮ್ಮ ದಿನಾ ಹಿತ್ತಲ ದಾರಿಯಲ್ಲಿ ಹೋಗಿ ಅತ್ತೆಯ ಹತ್ತಿರ ಕೂತು ಬರುತ್ತಿದ್ದರು. ಬೆಳಗ್ಗೆ ಅಂಬಲಿ ಒಯ್ಯುತ್ತಿದ್ದರು. ಹುಳಕ್ಕೆ ಸೊಪ್ಪು ಹಾಕಲು ಕೈ ಜೋಡಿಸುತ್ತಿದ್ದರು, ಆ ವಯಸ್ಸಿನಲ್ಲಿ. ಇಬ್ಬರೂ ಬಹಳ ಮಾತಾಡುತ್ತಿದ್ದರು ಎಂದೇನೂ ಇಲ್ಲ. ಅವರೆಕಾಯಿ ಸುಲಿದುಕೊಂಡು ಸುಮ್ಮನೆ ಕೂತಿರುತ್ತಿದ್ದರು.

ಮಾವ ಹೋದ ದಿನದಿಂದ ಅತ್ತೆ ಮಾಂಸ ಮುಟ್ಟಿರಲಿಲ್ಲ. ಯಾರೂ ಹೇಳಿದ್ದಲ್ಲ. ಅವರ ಜನರಲ್ಲಿ ಗಂಡ ಸತ್ತ ಹೆಂಗಸು ಮಾಂಸ ಬಿಡಬೇಕೆಂಬ ಕಟ್ಟೂ ಇಲ್ಲ. ಹನ್ನೊಂದನೇ ದಿನದ ಊಟದಲ್ಲೇ ಎಲ್ಲರೂ ತಿಂದರು, ಅವರು ತಿನ್ನಲಿಲ್ಲ. ಒಂದು ದಿನ ನಾನು ಎದುರಿಗೇ ಇದ್ದಾಗ ಅಮ್ಮನಿಗೆ ಹೇಳಿದರು. "ವರ್ಷ ಕಳೀಲಿ ವದಿನಾ. ಮುಂದಿನ ಹೊಸ್ತೊಡ್ಕಿಗೆ ಒಲೆ ಹಚ್ತೀನಿ. ಮೊದಲ್ನೇ ತುತ್ತು ನಿನ್ನ ಪಕ್ಕ ಕೂತೇ ತಿನ್ನೋದು. ಒಬ್ಳೇ ಕೂತ್ರೆ ಗಂಟಲಲ್ಲಿ ಇಳಿಯಲ್ಲ ನಂಗೆ." ಅಮ್ಮ ಅವರ ಕೈ ಹಿಡಿದುಕೊಂಡು, "ಬರ್ತೀನಿ ಕಣೇ, ಎಲ್ಲಿಗೆ ಹೋಗ್ತೀನಿ" ಎಂದರು.

ಇದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ.

ಆ ಮುಂದಿನ ಹೊಸತೊಡಕು ಭಾನುವಾರ ಬಂತು. ಬೆಳಗಿನ ಪೂಜೆ ಮುಗಿಸಿ ನಾನು, ಅಮ್ಮ ಶ್ರೀನಿವಾಸಪುರದಿಂದ ಮನೆಗೆ ಬಂದಿದ್ದೆವು. ಮಧ್ಯಾಹ್ನದ ಮೇಲೆ ನಾನು ಮತ್ತೆ ಹೋಗಬೇಕಿತ್ತು. ಚರ್ಚಿನ ಹೆಂಗಸರ ಧ್ಯಾನಕೂಟದಲ್ಲಿ ಉಪವಾಸದ ಅರ್ಥ ಎಂಬ ವಿಷಯದ ಮೇಲೆ ನನ್ನ ಭಾಷಣ. ನಾಲ್ಕು ಪುಟ ಬರೆದಿಟ್ಟುಕೊಂಡು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದೆ. ಅಮ್ಮ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು. ಮಾಸಲು ಸೀರೆ ಬಿಟ್ಟು ನೀಲಿ ಅಂಚಿನದು ಉಟ್ಟಿದ್ದರು. ಯಾಕೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಅತ್ತೆ ಬಂದರು. ಈ ಸಲ ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ. ತಲೆಗೆ ಸ್ನಾನ ಮಾಡಿ, ಕೂದಲ ತುದಿಗೆ ಗಂಟು ಹಾಕಿದ್ದರು. ಮುಖದಲ್ಲಿ ಒಲೆಯ ಕೆಂಪು ಇನ್ನೂ ಇತ್ತು. ಹೊಸ್ತಿಲಲ್ಲಿ ನಿಂತು, "ವದಿನಾ, ಎಲೆ ಹಾಕಿದೀನಿ. ಬಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ ಅಮ್ಮಣ್ಣಿ. ನೀನು ತಿನ್ನದಿದ್ರೆ ಬೇಡ, ಜೊತೇಲಿ ಕೂತ್ಕೋ ಸಾಕು" ಎಂದರು.

ಅಮ್ಮ ಗೋಡೆ ಹಿಡಿದು ಏಳುತ್ತಿದ್ದರು. ಅವರು ಪೂರ್ತಿ ಎದ್ದು ನಿಲ್ಲುವ ಮೊದಲೇ ನಾನು ಬಾಯಿ ತೆಗೆದೆ.

"ಎಷ್ಟು ವರ್ಷದಿಂದ ಹೇಳ್ತಿದೀನಿ ಅತ್ತೆ? ನಮ್ಮದು ತಪಸ್ಸುಕಾಲ ಅಂತ ನಿಮಗೆ ಗೊತ್ತಿಲ್ವಾ? ವರ್ಷ ವರ್ಷ ನಮ್ಮ ಉಪವಾಸ ಕೆಡಿಸೋಕೆ ಅಂತಾನೇ ಬರ್ತೀರಾ?"

ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿದರು. ಅಮ್ಮನನ್ನು ನೋಡಲಿಲ್ಲ. ಅಮ್ಮನಿಗೆ ಕಷ್ಟವಾಗಬಾರದೆಂದು ನೋಡಲಿಲ್ಲ ಎಂದು ಈಗ ತಿಳಿಯುತ್ತದೆ. "ಇಲ್ಲಮ್ಮ. ತಪ್ಪಾಯ್ತು. ಜ್ಞಾಪಕ ಇರ್ಲಿಲ್ಲ" ಎಂದರು. ಜ್ಞಾಪಕವಿಲ್ಲದೆ ಏನು! ನನ್ನ ಮರ್ಯಾದೆ ಉಳಿಸಲು ತಾವೇ ಸುಳ್ಳು ಹೇಳಿದರು. ಸೆರಗು ಸರಿ ಮಾಡಿಕೊಂಡು ಹೊರಟುಹೋದರು.

ಅಮ್ಮ ಅರ್ಧ ಎದ್ದವರು ಮತ್ತೆ ಕೂತರು. ನಾನು ಗಂಜಿ ಬಡಿಸಿದರೆ, "ಹಸಿವಿಲ್ಲ, ಆಮೇಲೆ ತಿಂತೀನಿ" ಎಂದರು. ನಾನು ಎರಡು ಲೋಟ ಗಂಜಿ ಕುಡಿದು, ಭಾಷಣದ ಹಾಳೆ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಎರಡು ಗಂಟೆಯ ಬಸ್ಸು ಹಿಡಿದೆ.

ಧ್ಯಾನಕೂಟದಲ್ಲಿ ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಾಲ್ಕು ಪುಟ ಓದಿ ಮುಗಿಸಿದ ಮೇಲೆ ಹಾಳೆಯಲ್ಲಿ ಇಲ್ಲದ್ದನ್ನು ಸೇರಿಸಿದೆ. "ಇವತ್ತೇ ಮಧ್ಯಾಹ್ನ ಶೋಧನೆ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿತ್ತು. ಎಲೆ ಹಾಕಿದೀನಿ ಬಾ ಅಂತ ಕರೀತು. ನಾನು ಬಾಗಿಲಿಂದಲೇ ವಾಪಸ್ಸು ಕಳಿಸಿದೆ" ಎಂದೆ. ಶೋಧನೆ ಅಂದರೆ ನಮ್ಮಲ್ಲಿ ಸೈತಾನ ಒಡ್ಡುವ ಆಮಿಷ. ಹೆಂಗಸರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕಣ್ಣು ಒರೆಸಿಕೊಂಡರು. ಒಂದು ವರ್ಷ ಮಾಂಸ ಬಿಟ್ಟು, ಗೆಳತಿಯ ಪಕ್ಕ ಕೂತು ಒಂದು ತುತ್ತು ತಿನ್ನಬೇಕೆಂದು ಕಾದಿದ್ದ ಹೆಂಗಸನ್ನು ನಾನು ಸೈತಾನನ ಜಾಗದಲ್ಲಿ ನಿಲ್ಲಿಸಿ ಬಂದಿದ್ದೆ, ಚಪ್ಪಾಳೆಗಾಗಿ.

ಸಂಜೆ ಮನೆಗೆ ಬಂದಾಗ ಅಮ್ಮ ಜಗಲಿಯಲ್ಲಿ ಕೂತಿದ್ದರು. ಗಂಜಿ ಪಾತ್ರೆ ಮುಚ್ಚಿದ ಹಾಗೇ ಇತ್ತು. ರಾತ್ರಿಗೂ ಬೇಡ ಎಂದರು. ಮಾರನೆಯ ದಿನ ಬೆಳಗ್ಗೆಯೂ ನೀರು ಮಾತ್ರ ಕುಡಿದರು. ನನ್ನ ಮೇಲಿನ ಸಿಟ್ಟು ಎಂದುಕೊಂಡೆ. ನನಗೂ ಸಿಟ್ಟು ಬಂತು. ನಾನೇನು ತಪ್ಪು ಮಾಡಿದ್ದೆ?

ಅಲ್ಲಿಂದ ಮುಂದೆ ಅತ್ತೆ ಹೊಸತೊಡಕಿಗೆ ನಮ್ಮ ಹೊಸ್ತಿಲಿಗೆ ಬರಲಿಲ್ಲ. ನನ್ನ ಜೊತೆ ಮಾತೇನೂ ಬಿಡಲಿಲ್ಲ. ಬಸ್ ಸ್ಟಾಪಿನಲ್ಲಿ ಸಿಕ್ಕರೆ "ಸ್ಕೂಲಿಗಾ?" ಎನ್ನುವರು. ಆದರೆ ಮೊದಲಿನಂತೆ ನನ್ನ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ತೋಪಿನ ಮೊದಲ ಮಾವಿನಕಾಯಿ, ಹೊಲದ ಹಸಿ ಕಡಲೆಕಾಯಿ, ಯಾವುದೂ ನನ್ನ ಕೈಯಲ್ಲಿ ಬರಲಿಲ್ಲ. ಮೂರು ವರ್ಷದ ಮೇಲೆ ಹುಳ ಸಾಕುವ ಶಕ್ತಿ ಕುಂದಿ, ಮನೆಯನ್ನು ಬಾಡಿಗೆಗೆ ಕೊಟ್ಟು ಮಾಲೂರು ತಾಲ್ಲೂಕಿನ ಟೇಕಲ್ಲಿನಲ್ಲಿದ್ದ ಮಗಳ ಮನೆಗೆ ಹೋದರು. ಹೋಗುವ ದಿನ ಅವರು, ಅಮ್ಮ ಹಿತ್ತಲಿನಲ್ಲಿ ನಿಂತು ಬಹಳ ಹೊತ್ತು ಅತ್ತರು. ನಾನು ಒಳಗೇ ಇದ್ದೆ. ಆ ಅಳುವಿಗೆ ನಡುವೆ ಹೋಗಿ ನಿಲ್ಲುವ ಜಾಗ ನನಗಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಅಮ್ಮ ಹೋದರು. ಅತ್ತೆ ಮಗಳ ಜೊತೆ ಬಂದು ಕಾಲ ಬಳಿ ಕೂತಿದ್ದರು. ಮಣ್ಣು ಮಾಡಿ ಬಂದ ಮೇಲೆ ನನ್ನ ತಲೆ ಸವರಿ ಹೋದರು.

ಅದರ ಮುಂದಿನ ತಪಸ್ಸುಕಾಲದಲ್ಲಿ ಹೆಂಗಸರ ಧ್ಯಾನಕೂಟಕ್ಕೆ ಮತ್ತೆ ನನ್ನನ್ನೇ ಕರೆದರು. ವಿಷಯವೂ ಅದೇ. ಹೊಸದಾಗಿ ಬಂದಿದ್ದ ಗುರುಗಳು ಮಾಲೂರಿನ ಕಡೆಯವರು, ನನ್ನ ಹಳೆಯ ವಿದ್ಯಾರ್ಥಿಯ ವಯಸ್ಸು. ಚರ್ಚಿನ ಹೊರಗೆ ಹೊಂಗೆ ಮರದ ಕೆಳಗೆ ಕೂತು, ಏನು ಮಾತಾಡುತ್ತೇನೆಂದು ಅವರಿಗೆ ಹೇಳುತ್ತಿದ್ದೆ. ನನ್ನ ಬಾಗಿಲಿಗೆ ಬಂದ ಶೋಧನೆಯ ಕಥೆ ಇತ್ತಲ್ಲ, ಅದನ್ನೂ ಹೇಳಿದೆ. ಅಷ್ಟು ವರ್ಷವಾದರೂ ಅದು ನನ್ನ ಪಾಲಿಗೆ ಒಳ್ಳೆಯ ಉದಾಹರಣೆಯಾಗಿಯೇ ಉಳಿದಿತ್ತು. ಅತ್ತೆ ಒಂದು ವರ್ಷ ಮಾಂಸ ಬಿಟ್ಟಿದ್ದನ್ನೂ ಯಾಕೋ ಆ ದಿನ ಸೇರಿಸಿ ಹೇಳಿದೆ.

ಗುರುಗಳು ಪೂರ್ತಿ ಕೇಳಿಸಿಕೊಂಡು, "ಆಮೇಲೆ ಅವರು ಊಟ ಮಾಡಿದ್ರಾ ಟೀಚರ್?" ಎಂದರು.

"ಯಾರು?"

"ಅದೇ, ಆ ಪಕ್ಕದ ಮನೆ ಅಮ್ಮ. ಅವತ್ತು ಅವರು ಊಟ ಮಾಡಿದ್ರಾ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಉತ್ತರ ಗೊತ್ತಿಲ್ಲದೆ ನಿಂತ ಮಕ್ಕಳನ್ನು ಸಾವಿರ ಸಲ ನೋಡಿದ್ದೇನೆ, ಅವತ್ತು ನಾನು ಹಾಗೆ ಕೂತಿದ್ದೆ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾದ ಮಾಡಿ ಗೆದ್ದು ಬಿಡುತ್ತಿದ್ದೆ. ಮೆಲ್ಲಗೆ ಹೇಳಿದರು. "ಭಾನುವಾರ ಅಂದ್ರಿ. ಭಾನುವಾರ ಆ ನಲವತ್ತರಲ್ಲಿ ಸೇರೋದೇ ಇಲ್ಲ, ನಿಮಗೂ ಗೊತ್ತು. ಹೋಗ್ಲಿ ಬಿಡಿ, ದಿನದ ವಿಷಯ ಅಲ್ಲ. ಆ ಅಮ್ಮನೂ ಉಪವಾಸ ಇದ್ರು ಅಲ್ವಾ ಟೀಚರ್, ನಲವತ್ತು ದಿನ ಅಲ್ಲ, ಒಂದು ವರ್ಷ. ನಮ್ಮ ಹೊಟ್ಟೆ ಹಸಿದಾಗ ಇನ್ನೊಬ್ಬರ ಹಸಿವು ಕಾಣಬೇಕು, ಅದಕ್ಕೇ ತಾನೇ ನಾವು ಉಪವಾಸ ಇರೋದು?"

ನಾನು ಕೂಟದಲ್ಲಿ ಮಾತಾಡಲಿಲ್ಲ. ತಲೆನೋವೆಂದು ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದೊಂದೇ ಪ್ರಶ್ನೆ. ಎಲೆ ಹಾಕಿ ಬಂದಿದ್ದರು. ವಾಪಸ್ಸು ಹೋಗಿ ಆ ಎಲೆಗಳನ್ನು ಏನು ಮಾಡಿದರು? ಒಬ್ಬರೇ ಕೂತು ತಿಂದರೇ? ಗಂಟಲಲ್ಲಿ ಇಳಿಯುವುದಿಲ್ಲ ಅಂದಿದ್ದರಲ್ಲ. ಎಲ್ಲವನ್ನೂ ಯಾರಿಗಾದರೂ ಕೊಟ್ಟು ಹಾಗೇ ಮಲಗಿದರೇ? ಅವತ್ತು ಬಿಟ್ಟದ್ದು ಈಗಲೂ ಬಿಟ್ಟೇ ಇದ್ದಾರೆಯೇ? ನನ್ನ ಉಪವಾಸದ ನೆನಪೆಲ್ಲ ನನ್ನ ಹೊಟ್ಟೆಯದೇ ಆಗಿತ್ತು. ಎಷ್ಟು ಹೊತ್ತಿಗೆ ಹಸಿವಾಯಿತು, ಹೇಗೆ ತಡೆದೆ, ಯಾರು ನೋಡಿದರು. ಪಕ್ಕದ ಗೋಡೆಯ ಆಚೆ ಒಬ್ಬರು ನನಗಿಂತ ಹೆಚ್ಚು ಹಸಿದಿದ್ದರು, ಅದು ಅನ್ನದ ಹಸಿವೂ ಅಲ್ಲ. ಅದನ್ನು ತೀರಿಸಲು ನಾವು ಮಾಡಬೇಕಿದ್ದದ್ದು ಎದ್ದು ಹೋಗಿ ಪಕ್ಕದಲ್ಲಿ ಕೂರುವುದಷ್ಟೇ. ಹೊರಟಿದ್ದ ಅಮ್ಮನನ್ನೂ ನಾನು ತಡೆದೆ.

ಆ ಯುಗಾದಿಗೆ ನಾಲ್ಕು ದಿನ ಮೊದಲು ಅತ್ತೆಯ ಮಗಳಿಗೆ ಫೋನ್ ಮಾಡಿದೆ. ಹೊಸತೊಡಕಿನ ದಿನ ಬರುತ್ತೇನೆ ಎಂದೆ. "ಬನ್ನಿ ಅಕ್ಕ, ಅಮ್ಮಂಗೆ ಹೇಳ್ತೀನಿ" ಎಂದಳು.

ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ, ಅಲ್ಲಿಂದ ಬಂಗಾರಪೇಟೆ, ಅಲ್ಲಿ ಪ್ಯಾಸೆಂಜರ್ ರೈಲು. ಟೇಕಲ್ಲಿನಲ್ಲಿ ಇಳಿದಾಗ ಹನ್ನೊಂದೂವರೆ. ಬೆಟ್ಟದ ಬಂಡೆ ಆಗಲೇ ಕಾದಿತ್ತು. ಬೀದಿಬೀದಿಯಲ್ಲೂ ಮಸಾಲೆಯ ವಾಸನೆ. ನಾನು ಒಂದು ತೀರ್ಮಾನ ಮಾಡಿಕೊಂಡು ಹೋಗಿದ್ದೆ. ಅತ್ತೆ ಏನು ಬಡಿಸಿದರೂ ತಿನ್ನುವುದು. ಅವರ ಪಕ್ಕದಲ್ಲಿ ಕೂತು ತಿನ್ನುವುದು. ಅಮ್ಮ ಕೊಟ್ಟ ಮಾತನ್ನು ತಡವಾದರೂ ನಾನು ನಡೆಸುವುದು. ಹೀಗೆ ಅಂದುಕೊಂಡು ನನ್ನ ಮೇಲೆ ನನಗೇ ಸ್ವಲ್ಪ ಮೆಚ್ಚುಗೆಯೂ ಆಗಿತ್ತು. ಹಳೆಯ ಚಾಳಿ.

ಅತ್ತೆ ತೀರ ಸಣ್ಣಗಾಗಿದ್ದರು. ಮಂಚದ ಮೇಲೆ ಕೂರಿಸಿಕೊಂಡು ನನ್ನ ಕೈ ಹಿಡಿದರು. ಮಳೆ, ಮಾವಿನ ಹೂವು, ಬಾಡಿಗೆಯವರು ಮನೆಯನ್ನು ಹೇಗಿಟ್ಟುಕೊಂಡಿದ್ದಾರೆ, ಎಲ್ಲ ಮಾತಾಯಿತು. ಕೊನೆಗೆ ನಾನು ಕೇಳಿದೆ.

"ಅತ್ತೆ, ಆ ವರ್ಷ ನೀವು ಕರೆಯೋಕೆ ಬಂದಿದ್ರಲ್ಲ, ನಾನು ಬೈದು ಕಳಿಸಿದ್ನಲ್ಲ, ಅವತ್ತು ನೀವು ಊಟ ಮಾಡಿದ್ರಾ?"

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಮಾಡ್ದೆ ಅಮ್ಮಣ್ಣಿ, ಹೊಟ್ಟೆ ತುಂಬ ಮಾಡ್ದೆ. ನಿಮ್ಮಮ್ಮ ಬಂದಿದ್ಲಲ್ಲ!"

"ಅಮ್ಮಾನಾ?"

"ನೀನು ಬಸ್ಸು ಹತ್ತಿದ್ದೇ ತಡ, ಹಿತ್ತಲ ಕಡೆಯಿಂದ ಬಂದ್ಲು. ಇಬ್ರೂ ಪಕ್ಕಪಕ್ಕ ಕೂತು ತಿಂದ್ವಿ. ಅವಳೇ ನನ್ನ ಬಾಯಿಗೆ ಮೊದಲ್ನೇ ತುತ್ತು ಇಟ್ಟಿದ್ದು." ಅತ್ತೆಗೆ ಈಗ ಮಾತು ನಿಲ್ಲುತ್ತಿರಲಿಲ್ಲ, ಬಹಳ ದಿನದ ಗುಟ್ಟು. "ಆಮೇಲೂ ಊರಲ್ಲಿ ಇರೋವರ್ಗೂ ಬಂದ್ಲು. ನೀನು ಸ್ಕೂಲಿಗೆ ಹೋಗಿರ್ತಿದ್ದೆ. ತಿಂದಾದ್ಮೇಲೆ ಬಾಯಿ ಮುಕ್ಕಳಿಸಿ ನಮ್ಮ ಸೀಬೆ ಗಿಡದ ಎಲೆ ನಾಲ್ಕು ಕಿತ್ತು ಅಗೀತಾ ಕೂರ್ತಿದ್ಲು. ವಾಸನೆ ಹೋಯ್ತಾ ನೋಡೇ ಅಂತ ನನ್ ಮುಂದೆ ಬಾಯಿ ತೆಗೆಯೋಳು. ಇಬ್ರಿಗೂ ನಗು."

ನನಗೆ ನಗು ಬರಲಿಲ್ಲ. ಎಂಬತ್ತರ ಹತ್ತಿರದ ಹೆಂಗಸು, ನನ್ನನ್ನು ಹೆತ್ತವಳು, ನನ್ನ ಮೂಗಿಗೆ ಹೆದರಿ ಸೀಬೆ ಎಲೆ ಅಗಿದಿದ್ದಾಳೆ. ಬೀಡಿ ಸೇದಿ ಸಿಕ್ಕಿಬೀಳುವ ಹತ್ತನೇ ಕ್ಲಾಸಿನ ಹುಡುಗರು ನನಗೆ ಹೆದರಿ ಹೀಗೆ ಮಾಡುತ್ತಿದ್ದರು.

"ನಿಮ್ಮ ದೇವ್ರು ಒಪ್ತಾನಾ ವದಿನಾ ಅಂತ ಕೇಳ್ದೆ ಒಂದ್ಸಲ" ಎಂದರು ಅತ್ತೆ. "ದೇವ್ರು ಒಪ್ತಾನೆ ಕಣೇ, ನನ್ ಮಗಳು ಒಪ್ಪಲ್ಲ ಅಂದ್ಲು. ತಿಂದಿದ್ದಕ್ಕೆ ಮಾರನೇ ದಿನದ ಮಧ್ಯಾಹ್ನದವರ್ಗೂ ಏನೂ ಮುಟ್ತಿರ್ಲಿಲ್ಲ. ದೇವ್ರಿಗೂ ಆಯ್ತು ನಿಂಗೂ ಆಯ್ತು ಅನ್ನೋಳು."

ಹಾಗಾದರೆ ಆ ರಾತ್ರಿ ಅಮ್ಮ ಊಟ ಬಿಟ್ಟದ್ದು ಸಿಟ್ಟಿನಿಂದಲ್ಲ. ಅಮ್ಮನಿಗೆ ಉಪವಾಸದ ಅರ್ಥ ಗೊತ್ತಿತ್ತು. ನಾಲ್ಕು ಪುಟ ಬರೆದಿರಲಿಲ್ಲ, ಅಷ್ಟೇ. ಗೆಳತಿ ಕರೆದಾಗ ತಿಂದರು, ಆಮೇಲೆ ಯಾರಿಗೂ ಹೇಳದೆ ಹಸಿದರು. ನಾನು ಅವರ ಜೊತೆ ಒಂದೇ ಮನೆಯಲ್ಲಿ, ಒಂದೇ ಜಪಮಾಲೆ ಹಿಡಿದು ಅಷ್ಟು ವರ್ಷ ಇದ್ದೆ. ನನ್ನ ಮುಂದೆ ಅವರು ಒಂದು ದಿನವೂ ನಿಶ್ಚಿಂತೆಯಿಂದ ತುತ್ತು ಎತ್ತಿರಲಿಲ್ಲವೇ? ಇದನ್ನು ಅವರ ಹತ್ತಿರ ಕೇಳಿ ತಿಳಿಯುವ ಹಾಗೂ ಇಲ್ಲ, ಕ್ಷಮೆ ಕೇಳುವ ಹಾಗೂ ಇಲ್ಲ.

ಒಂದು ಗಂಟೆಗೆ ಅತ್ತೆಯ ಮಗಳು ಬಂದು, "ಏಳಿ ಅಕ್ಕ, ಊಟಕ್ಕೆ" ಎಂದಳು. ನಡುಮನೆಯಲ್ಲಿ ಒಂದೇ ಎಲೆ ಹಾಕಿತ್ತು. ಮುದ್ದೆ, ಸೊಪ್ಪಿನ ಸಾರು, ಅನ್ನ, ಮಾವಿನಕಾಯಿಯ ಚಿತ್ರಾನ್ನ. ಅಡುಗೆಮನೆಯಿಂದ ಬಾಡಿನ ಸಾರಿನ ವಾಸನೆ ಬರುತ್ತಲೇ ಇತ್ತು.

"ನಿಂಗೇಂತ ಬೇರೆ ಒಲೆ ಮೇಲೆ ಮಾಡ್ಸಿದೀನಿ" ಎಂದರು ಅತ್ತೆ. "ಪಾತ್ರೆ ಹೊಸದು. ನಮ್ಮ ಸೌಟು ಕೂಡ ಮುಟ್ಸಿಲ್ಲ. ಧೈರ್ಯವಾಗಿ ತಿನ್ನು."

"ಅತ್ತೆ, ನಾನು ನಿಮ್ಮ ಜೊತೆ ಕೂತು ನೀವು ತಿನ್ನೋದನ್ನೇ ತಿಂತೀನಿ. ಅದಕ್ಕೇ ಬಂದಿದೀನಿ."

ಅವರು ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದರು. "ಬೇಡ ಬೇಡ ಅಮ್ಮಣ್ಣಿ. ನಂಗೋಸ್ಕರ ನಿನ್ ನೇಮ ಕೆಡಿಸ್ಕೋಬೇಡ. ಅಷ್ಟು ವರ್ಷದಿಂದ ಕಾಪಾಡ್ಕೊಂಡು ಬಂದಿದೀಯ. ಆವಾಗ್ಲೇ ನಿನ್ ಮನಸ್ಸು ನೋಯಿಸಿದೀನಿ, ಈ ವಯಸ್ಸಲ್ಲಿ ಮತ್ತೆ ಆ ತಪ್ಪು ನಾನು ಮಾಡಲ್ಲ."

ಎಷ್ಟು ಹೇಳಿದರೂ ಕೇಳಲಿಲ್ಲ. ಹೊಸ್ತಿಲಲ್ಲಿ ನಿಲ್ಲಿಸಿ ನಾನು ಆಡಿದ ಮಾತನ್ನು ಅವರು ಅಷ್ಟು ಗಟ್ಟಿಯಾಗಿ ನಂಬಿದ್ದರು. ನೀವೂ ಎಲೆ ಹಾಕಿಕೊಳ್ಳಿ, ಸೊಪ್ಪಿನ ಸಾರಿನಲ್ಲೇ ಜೊತೆಗೆ ತಿನ್ನೋಣ ಎಂದೆ. "ನಮ್ದು ಆಮೇಲೆ. ನೀನು ಉಪವಾಸದೋಳು, ನಿನ್ ಮುಂದೆ ಆ ಪಾತ್ರೆ ತೆಗೆಯಲ್ಲ ನಾವು" ಎಂದರು ಅತ್ತೆ.

ನಾನು ಒಬ್ಬಳೇ ಕೂತು ಊಟ ಮಾಡಿದೆ. ಒಬ್ಬಳೇ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ ಎಂದರೆ ಏನೆಂದು ತಿಳಿಯಿತು. ಅಳಿಯ ಆಗಲೇ ಎರಡು ಸಲ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ಇಣುಕಿದ್ದರು. ಮೊಮ್ಮಗಳು ಅಡುಗೆಮನೆಯಲ್ಲಿ, "ಅಜ್ಜೀ, ಅವರು ಯಾವಾಗ ಹೋಗ್ತಾರೆ?" ಎಂದು ಪಿಸುಗುಟ್ಟಿದಳು. ಅವಳಮ್ಮ "ಶ್" ಎಂದಳು.

ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಹೊತ್ತಾಯಿತು, ತಪ್ಪಿಹೋಗುತ್ತದೆ ಎಂದು ಸುಳ್ಳು ಹೇಳಿ ಚಪ್ಪಲಿ ಮೆಟ್ಟಿಕೊಂಡೆ. ನಾನು ಎದ್ದು ಹೋದರೆ ತಾನೇ ಅವರು ಊಟಕ್ಕೆ ಕೂರಬೇಕು.